ಮೆಟ್ಟಿಲು ಇದ್ದರೆ ಮೆಟ್ಟಿಲೇ

ಬೆಟ್ಟದ ಮೇಲೆ ದೇವಸ್ಥಾನ ಇದೆ, ಮೇಲಿನವರೆಗೂ ಟಾರು ರಸ್ತೆ ಇದೆ, ಪಕ್ಕದಲ್ಲಿ ಹಳೇ ಕಲ್ಲಿನ ಮೆಟ್ಟಿಲೂ ಇವೆ ಅಂದರೆ ನಾನು ಮೆಟ್ಟಿಲ ಕಡೆ. ಇದರಲ್ಲಿ ಭಕ್ತಿ ಎಷ್ಟು, ಹಟ ಎಷ್ಟು ಅಂತ ಮನೆಯವರು ಆಗಾಗ ಕೇಳುತ್ತಾರೆ. ಭಕ್ತಿ ಸ್ವಲ್ಪ ಕಡಿಮೆಯೇ ಅನ್ನಿ. ಕಾರಣ ಬೇರೆ ಇದೆ.

ಈ ಗುಡಿಗಳನ್ನು ಕಟ್ಟಿದವರು ಕೆಳಗಿನಿಂದ ನಡೆದು ಬರುವವರನ್ನು ಮನಸ್ಸಲ್ಲಿಟ್ಟುಕೊಂಡು ಕಟ್ಟಿದರು. ಮೊದಲು ಊರು, ಊರಲ್ಲೊಂದು ಕಲ್ಯಾಣಿ, ಬೆಟ್ಟದ ಬುಡದಲ್ಲಿ ಗಣಪತಿ ಇಲ್ಲವೇ ಆಂಜನೇಯ, ಸುಸ್ತಾಗುವ ಹೊತ್ತಿಗೆ ಸರಿಯಾಗಿ ಒಂದು ಮಂಟಪ, ಇನ್ನೂ ಸ್ವಲ್ಪ ಮೇಲೆ ಬಂಡೆಯ ಮೇಲೊಂದು ನೀರಿನ ದೊಣೆ, ಕೊನೆಗೆ ಗರ್ಭಗುಡಿ. ಇದಕ್ಕೆಲ್ಲ ಒಂದು ಕ್ರಮ ಇದೆ. ಮೆಟ್ಟಿಲು ದೇವಸ್ಥಾನಕ್ಕೆ ಹೋಗುವ ದಾರಿ ಮಾತ್ರ ಅಲ್ಲ, ಅದೂ ದೇವಸ್ಥಾನದ ಭಾಗವೇ. ಕಾರಲ್ಲಿ ಹೋದರೆ ಸಿಗುವುದು ಪಾರ್ಕಿಂಗ್, ಕ್ಯೂ, ಪ್ರಸಾದದ ಕೌಂಟರ್. ಅಷ್ಟೇ.

ಇದು ತಲೆಗೆ ಹತ್ತಬೇಕಾದರೆ ಮೊದಲು ಶಿವಗಂಗೆಗೆ ಹೋಗಬೇಕು. ಅಲ್ಲಿ ತುದಿಗೆ ರಸ್ತೆಯೇ ಇಲ್ಲ, ಹಾಗಾಗಿ ವಾದಕ್ಕೂ ಜಾಗ ಇಲ್ಲ.

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೋಗಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಬೇಕು. ನೆಲಮಂಗಲ ತಾಲ್ಲೂಕು, ಸಮುದ್ರಮಟ್ಟದಿಂದ 1,300 ಮೀಟರಿಗಿಂತ ಎತ್ತರ. ಸುತ್ತ ಇಷ್ಟು ಎತ್ತರದ್ದು ಬೇರೆ ಏನೂ ಇಲ್ಲದ್ದರಿಂದ ದೂರದಿಂದಲೇ ಕಾಣುತ್ತದೆ. ಈ ಬೆಟ್ಟ ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಅಂತ ಹೇಳುತ್ತಾರೆ. ನಂದಿಯನ್ನು ನಾನೂ ಒಪ್ಪುತ್ತೇನೆ. ಗಣಪತಿಗೆ ಸ್ವಲ್ಪ ಉದಾರ ಮನಸ್ಸು ಬೇಕು.

ಕೆಳಗೆ ಗಂಗಾಧರೇಶ್ವರ, ಹೊನ್ನಾದೇವಿ. ಎರಡೂ ಬಂಡೆಯೊಳಗಿನ ಗುಡಿಗಳು. ಹೊರಗೆ ಎಂಥಾ ಬಿಸಿಲಿದ್ದರೂ ಒಳಗೆ ಕಾಲಿಟ್ಟ ತಕ್ಷಣ ತಂಪು. ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಹಚ್ಚಿದರೆ ಅದು ಬೆಣ್ಣೆಯಾಗುತ್ತದೆ ಅನ್ನುವುದು ಈ ಕ್ಷೇತ್ರದ ದೊಡ್ಡ ಮಾತು. ಅರ್ಚಕರು ಕೈಯಲ್ಲಿ ಉಜ್ಜಿ ತೋರಿಸುತ್ತಾರೆ, ಜನ ಅದನ್ನು ಪ್ರಸಾದ ಅಂತ ಮನೆಗೆ ಒಯ್ಯುತ್ತಾರೆ. ನನ್ನ ಜೊತೆ ಬಂದ ಗೆಳೆಯನೊಬ್ಬ ಉಷ್ಣತೆ, ಕಲ್ಲಿನ ತಂಪು ಅಂತೆಲ್ಲ ವಿವರಣೆ ಶುರು ಮಾಡಿದ. ಪಕ್ಕದಲ್ಲಿದ್ದ ಹೆಂಗಸು ಪೂರ್ತಿ ಕೇಳಿಸಿಕೊಂಡು, "ಆಯ್ತಪ್ಪಾ, ಕೈ ಒಡ್ಡು" ಅಂದರು. ಒಡ್ಡಿದ.

ಇಲ್ಲೇ ದರ್ಶನ ಮುಗಿಸಿ ವಾಪಸ್ ಹೋಗುವವರು ಬಹಳ ಜನ. ತಪ್ಪೇನಿಲ್ಲ. ಆದರೆ ಬೆಟ್ಟ ಶುರುವಾಗುವುದೇ ಇಲ್ಲಿಂದ. ಮೇಲೆ ಹೋಗುತ್ತಾ ಒಳಕಲ್ಲು ತೀರ್ಥ ಸಿಗುತ್ತದೆ. ಬಂಡೆಯ ಸಂದಿಯಲ್ಲಿ ಒಂದು ಒಳಕಲ್ಲಿನಂಥ ಗುಳಿ, ಅದರ ಆಳದಲ್ಲಿ ನೀರು. ಬಗ್ಗಿ ಕೈ ಹಾಕಬೇಕು. ಬೆರಳಿಗೆ ನೀರು ತಾಗಿದರೆ ಅದೃಷ್ಟ, ಅಂದುಕೊಂಡದ್ದು ಆಗುತ್ತದೆ ಅಂತ ನಂಬಿಕೆ. ಉದ್ದ ಕೈ ಇರುವವರಿಗೆ ಅದೃಷ್ಟ ಸ್ವಲ್ಪ ಜಾಸ್ತಿ ಅನ್ನುವುದು ನನ್ನ ಅನುಮಾನ. ಆದರೂ ಸುಮ್ನೆ ದಾಟಿಕೊಂಡು ಹೋಗುವವರನ್ನು ನಾನು ಕಂಡಿಲ್ಲ. ಡ್ರೈ ಫಿಟ್ ಟೀ ಶರ್ಟು ಹಾಕಿ, ಕೈಯಲ್ಲಿ ಸ್ಮಾರ್ಟ್ ವಾಚ್ ಕಟ್ಟಿಕೊಂಡು "ನಾವು ಟ್ರೆಕ್ಕಿಂಗ್‌ಗೆ ಬಂದಿದ್ದು" ಅನ್ನುವ ಹುಡುಗರೂ ವಾಚು ಬಿಚ್ಚಿ ಪಕ್ಕಕ್ಕಿಟ್ಟು ಕೈ ಹಾಕುತ್ತಾರೆ!

ಅಲ್ಲಿಂದ ಮೇಲೆ ಕಡಿದು. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಕೆಲವು ಕಡೆ ಅರ್ಧ ಪಾದಕ್ಕಷ್ಟೇ ಜಾಗ, ಪಕ್ಕದಲ್ಲಿ ಕಬ್ಬಿಣದ ಕಂಬಿ. ಹಿಂದೆ ತಿರುಗಿ ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಇಂಥ ಜಾಗದಲ್ಲೂ ಸೌತೆಕಾಯಿಗೆ ಖಾರದ ಪುಡಿ ಉಪ್ಪು ಹಚ್ಚಿ ಮಾರುವವರು, ಮಜ್ಜಿಗೆ ಪಾತ್ರೆ ಇಟ್ಟುಕೊಂಡವರು ಕೂತಿರುತ್ತಾರೆ. ಆ ಮಜ್ಜಿಗೆ, ನೀರು, ಸೌತೆಕಾಯಿ ಎಲ್ಲವನ್ನೂ ಬೆಳಿಗ್ಗೆ ಅವರೇ ಹೊತ್ತು ತಂದಿರುತ್ತಾರೆ. ಹಾಗಾಗಿ ಕೆಳಗಿಗಿಂತ ಐದು ರೂಪಾಯಿ ಜಾಸ್ತಿ ಕೇಳಿದರು ಅಂತ ಚೌಕಾಸಿಗೆ ನಿಲ್ಲುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಒಮ್ಮೆ ಇಲ್ಲಿ ನಾವೆಲ್ಲ ಒಂದು ಬಂಡೆಗೆ ಒರಗಿ ಏದುಸಿರು ಬಿಡುತ್ತಿದ್ದೆವು. ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರು ಸೆರಗಿಗೆ ತೆಂಗಿನಕಾಯಿ ಕಟ್ಟಿಕೊಂಡು, ಬರಿಗಾಲಲ್ಲಿ, ಒಂದೇ ಹದದಲ್ಲಿ ಹತ್ತಿ ಬಂದರು. ನಮ್ಮನ್ನು ನೋಡಿ ಹೇಳಿದ್ದು ಇಷ್ಟು: "ಕೂತ್ಕೋಬ್ಯಾಡಿ, ಕಾಲು ಹಿಡ್ಕೊಂಡ್‌ಬಿಡ್ತದೆ. ನಿಂತ್ಕಂಡೇ ಉಸುರು ತಗಳಿ." ಆಮೇಲೆ ಹೋಗೇಬಿಟ್ಟರು. ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾವ ಟ್ರೆಕ್ಕಿಂಗ್ ವಿಡಿಯೋದಲ್ಲೂ ಸಿಕ್ಕಿಲ್ಲ. ಅವರು ಬೇಗ ಹತ್ತಲಿಲ್ಲ, ನಿಲ್ಲಲೂ ಇಲ್ಲ. ಹರಕೆ ಹೊತ್ತವರ ನಡಿಗೆಯೇ ಹಾಗೆ. ನಾವು ಓಡುತ್ತೇವೆ, ಕೂರುತ್ತೇವೆ, ಫೋಟೋ ತೆಗೆಯುತ್ತೇವೆ, ಮತ್ತೆ ಓಡುತ್ತೇವೆ.

ತುದಿಯಲ್ಲಿ ಬಂಡೆಯ ನೆತ್ತಿಯ ಮೇಲೆ ಕಲ್ಲಿನ ನಂದಿ. ಸುತ್ತ ಪ್ರದಕ್ಷಿಣೆ ಬರಬಹುದು, ಆದರೆ ಜಾಗ ಕಿರಿದು, ಗಾಳಿ ಜೋರು. ಇಲ್ಲಿ ಒಂದು ತೀರ್ಥದ ಕಂಬವೂ ಇದೆ. ಮಕರ ಸಂಕ್ರಾಂತಿಯ ಬೆಳಗಿನ ಜಾವ ಅಲ್ಲಿ ಗಂಗೆ ಉಕ್ಕುತ್ತಾಳೆ ಅಂತ ನಂಬಿಕೆ, ಆ ನೀರನ್ನು ಕೆಳಗೆ ತಂದು ಗಿರಿಜಾ ಕಲ್ಯಾಣ ಮಾಡುತ್ತಾರೆ. ಮೇಲಿನ ನೀರು ಕೆಳಗೆ ಬರಬೇಕು, ಕೆಳಗಿನ ಜನ ಮೇಲೆ ಹೋಗಬೇಕು. ಎರಡೂ ಇದೇ ಮೆಟ್ಟಿಲ ಮೇಲೆ.

ಶಾಂತಲಾ ಡ್ರಾಪ್ ಬಗ್ಗೆ ಹೇಳದಿದ್ದರೆ ಯಾರಾದರೂ ಕೇಳೇ ಕೇಳುತ್ತೀರಿ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಇಲ್ಲಿಂದ ಧುಮುಕಿ ಪ್ರಾಣ ಬಿಟ್ಟಳು ಅಂತ ಗೈಡುಗಳಿಂದ ಹಿಡಿದು ಸೌತೆಕಾಯಿ ಮಾರುವವರವರೆಗೆ ಎಲ್ಲರೂ ಹೇಳುತ್ತಾರೆ. ಶ್ರವಣಬೆಳಗೊಳದ ಶಾಸನ ಹೇಳುವುದು ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ. ಧುಮುಕಿದ ಮಾತು ಅದರಲ್ಲಿಲ್ಲ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸ ವ್ರತ ಹಿಡಿದು ಪ್ರಾಣ ಬಿಟ್ಟಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ. ಶಾಂತಲೆ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳು, ಕೊನೆಗೆ ತೀರಿಕೊಂಡದ್ದು ಶಿವನ ಬೆಟ್ಟದಲ್ಲಿ. ನನಗೆ ಈ ಕಥೆ ಧುಮುಕಿದ ಕಥೆಗಿಂತ ದೊಡ್ಡದು ಅನಿಸುತ್ತದೆ. ಆದರೆ ಸೆಲ್ಫಿಗೆ ಪ್ರಪಾತವೇ ಬೇಕಲ್ಲ. ಏನು ಮಾಡೋದು.

ಇನ್ನು ಮೈಸೂರಿನ ಚಾಮುಂಡಿ ಬೆಟ್ಟ. ಇಲ್ಲಿ ರಸ್ತೆಯೂ ಇದೆ, ಮೆಟ್ಟಿಲೂ ಇವೆ, ಹಾಗಾಗಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಸಾವಿರದ ಎಂಟು ಮೆಟ್ಟಿಲು ಅಂತ ಲೆಕ್ಕ, ದೊಡ್ಡ ದೇವರಾಜ ಒಡೆಯರ ಕಾಲದ್ದು. ಅವರ ಕಾಲದ್ದೇ ಆ ದೊಡ್ಡ ನಂದಿ, 17ನೇ ಶತಮಾನದ್ದು. ಒಂದೇ ಕಲ್ಲಲ್ಲಿ ಕಡಿದದ್ದು, ಸುಮಾರು 16 ಅಡಿ ಎತ್ತರ. ಮೆಟ್ಟಿಲಲ್ಲಿ ಬರುವವರಿಗೆ ನಂದಿ ಸಿಗುವುದು ಮುಕ್ಕಾಲು ಭಾಗ ಹತ್ತಿ, ಇನ್ನು ಆಗಲ್ಲಪ್ಪಾ ಅನ್ನುವ ಹೊತ್ತಿಗೆ. ಅಲ್ಲಿ ನಿಂತು ಕೈ ಮುಗಿದು, ಬೆವರು ಒರೆಸಿಕೊಂಡು, ಆಮೇಲೆ ಅಮ್ಮನವರ ಹತ್ತಿರ. ಕಾರಲ್ಲಿ ಬಂದವರು ಮೊದಲು ದೇವಿಯ ದರ್ಶನ ಮುಗಿಸಿ, ಮಹಿಷಾಸುರನ ಮುಂದೆ ಫೋಟೋ ತೆಗೆದು, ಇಳಿಯುವಾಗ ಟೈಮ್ ಇದ್ದರೆ ನಂದಿಯ ಕಡೆ ತಿರುಗುತ್ತಾರೆ. ಕ್ರಮವೇ ಉಲ್ಟಾ.

ಬೆಳಿಗ್ಗೆ ಐದೂವರೆಗೆ ಈ ಮೆಟ್ಟಿಲ ಮೇಲೆ ಎರಡು ಮೈಸೂರು ಕಾಣುತ್ತವೆ. ಒಂದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವ ಮೈಸೂರು. ಇನ್ನೊಂದು, ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರ ಮೈಸೂರು. ಬಗ್ಗಿ ಹಚ್ಚಬೇಕು, ಏಳಬೇಕು, ಒಂದು ಹೆಜ್ಜೆ, ಮತ್ತೆ ಬಗ್ಗಬೇಕು. ಇದನ್ನು ಸಾವಿರ ಸಲ ಮಾಡಿ ನೋಡಿ, ಯಾವ ಜಿಮ್ಮೂ ಬೇಡ. ಓಡುವವರು ಹಚ್ಚಿದ ಕುಂಕುಮ ತುಳಿಯದ ಹಾಗೆ ಪಕ್ಕಕ್ಕೆ ಹೆಜ್ಜೆ ಇಡುತ್ತಾರೆ, ಹೆಂಗಸರು ಸ್ವಲ್ಪ ಸರಿದು ದಾರಿ ಬಿಡುತ್ತಾರೆ. ಇದಕ್ಕೆ ಬೋರ್ಡು ಹಾಕಿದವರು ಯಾರೂ ಇಲ್ಲ. ಆಷಾಢ ಶುಕ್ರವಾರ ಮಾತ್ರ ಓಟದವರಿಗೆ ರಜೆ. ಅವತ್ತು ಮೆಟ್ಟಿಲೇ ಕಾಣುವುದಿಲ್ಲ, ಅಷ್ಟು ಜನ.

2021ರ ಮಳೆಗಾಲದ ಕೊನೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿಯಿತು, ನೆನಪಿರಬಹುದು. ಮುನ್ನೂರು ವರ್ಷ ದಾಟಿದ ಮೆಟ್ಟಿಲಿನ ಮೇಲೆ ಜನ ಹತ್ತುತ್ತಲೇ ಇದ್ದರು. ಹಳೆಯದೆಲ್ಲ ಗಟ್ಟಿ ಅಂತ ಹೇಳುತ್ತಿಲ್ಲ. ಆದರೆ ಮೆಟ್ಟಿಲು ಬೆಟ್ಟದ ಮೈಗೆ ತಕ್ಕ ಹಾಗೆ ಏರುತ್ತದೆ, ರಸ್ತೆ ಬೆಟ್ಟವನ್ನು ಪಕ್ಕದಿಂದ ಕಡಿದು ಹೋಗುತ್ತದೆ. ಕಡಿದ ಕಡೆ ಮಣ್ಣು ಸಡಿಲ ಆಗುತ್ತೆ, ನೀರು ಇಳಿಯುತ್ತೆ. ಈ ಬೆಟ್ಟಕ್ಕೆ ರೋಪ್‌ವೇ ಮಾತು ಬಂದಾಗ ಮೈಸೂರಿನ ಜನ ಬೇಡ ಅಂತ ಬೀದಿಗೆ ಬಂದದ್ದು ನನಗೇನೂ ಆಶ್ಚರ್ಯ ಅನಿಸಲಿಲ್ಲ.

ನರಸಿಂಹನ ಬೆಟ್ಟಗಳಲ್ಲಿ ಈ ಮೇಲೆ ಕೆಳಗಿನ ಲೆಕ್ಕ ಇನ್ನೂ ಚೆನ್ನಾಗಿದೆ. ತುಮಕೂರಿನ ಹತ್ತಿರದ ದೇವರಾಯನದುರ್ಗದಲ್ಲಿ ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಮೇಲುಕೋಟೆಯಲ್ಲಿ ಕೆಳಗೆ ಚೆಲುವನಾರಾಯಣ, ಉತ್ಸವ, ವೈರಮುಡಿ, ಪುಳಿಯೋಗರೆ ಅಂಗಡಿಗಳು, ಗಲಾಟೆ. ಮೇಲೆ ಬಂಡೆಯ ತುದಿಯಲ್ಲಿ ಯೋಗಪಟ್ಟಿ ಕಟ್ಟಿ ಕೂತ ನರಸಿಂಹ. ಸಂಸಾರ ಕೆಳಗೆ, ಯೋಗ ಮೇಲೆ. ನಡುವೆ ಮೆಟ್ಟಿಲು. ಅದನ್ನು ಹತ್ತಿದವನಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ, ಮೇಲೆ ಹೋಗುವ ಹೊತ್ತಿಗೆ ಮಾತಾಡಲು ಉಸಿರೇ ಇರುವುದಿಲ್ಲ! ದೇವರಾಯನದುರ್ಗಕ್ಕೆ ಕಾರಲ್ಲಿ ಬಂದವರು ಎಷ್ಟೋ ಸಲ ಕೆಳಗಿನ ಗುಡಿಯನ್ನು ನೋಡದೆ ಸೀದಾ ಮೇಲೆ ಹೋಗಿಬಿಡುತ್ತಾರೆ. ಭೋಗ ಬಿಟ್ಟು ಯೋಗ. ಒಳ್ಳೆಯದೇ ಬಿಡಿ.

ಮೇಲುಕೋಟೆಯಲ್ಲಿ ನನಗೆ ಇಷ್ಟವಾದದ್ದು ಮೇಲಿನಿಂದ ಕಾಣುವ ಊರು. ಕಲ್ಯಾಣಿ, ಅದರ ಸುತ್ತಿನ ಮಂಟಪಗಳು, ಆಚೆ ಪೂರ್ತಿಯಾಗದೆ ನಿಂತ ರಾಯಗೋಪುರ. ರಾಮಾನುಜರು ಚೋಳನಾಡಿನಿಂದ ಬಂದು 12 ವರ್ಷ ಇಲ್ಲಿದ್ದರು ಅನ್ನುತ್ತಾರೆ. ಸಂಜೆ ಹೋದರೆ ಬಂಡೆ ಇನ್ನೂ ಬೆಚ್ಚಗಿರುತ್ತದೆ, ಕೋತಿಗಳು ಮಾತ್ರ ಪೂರ್ತಿ ಎಚ್ಚರವಾಗಿರುತ್ತವೆ. ಪುಳಿಯೋಗರೆ ಪೊಟ್ಟಣ ಕೈಯಲ್ಲಿ ಹಿಡಿದು ಹತ್ತಬೇಡಿ. ಇಳಿದ ಮೇಲೆ ತಿನ್ನಿ.

ಎಲ್ಲ ಬೆಟ್ಟಕ್ಕೂ ಮೆಟ್ಟಿಲಿನ ಸುಖ ಇಲ್ಲ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಹತ್ತಿರದ ದೇವೀರಮ್ಮನ ಬೆಟ್ಟಕ್ಕೆ ಜನ ಹತ್ತುವುದು ದೀಪಾವಳಿ ಹೊತ್ತಿಗೆ ಮಾತ್ರ. ನರಕ ಚತುರ್ದಶಿಗೆ ರಾತ್ರಿಯಿಂದಲೇ ಶುರು. ಹುಲ್ಲು, ಮಣ್ಣು, ಕಲ್ಲು, ಮಳೆ ಬಿದ್ದಿದ್ದರೆ ಕೆಸರು. ಕೈಯಲ್ಲಿ ಟಾರ್ಚು, ಹೆಗಲ ಮೇಲೆ ಹರಕೆಯ ಸೌದೆ. ತುಪ್ಪ, ಬಟ್ಟೆ ಕೂಡ ಒಯ್ಯುತ್ತಾರೆ. ಕೆಳಗಿನಿಂದ ನೋಡಿದರೆ ಬೆಟ್ಟದ ಮೈ ಮೇಲೆ ಟಾರ್ಚಿನ ಬೆಳಕಿನ ಸಾಲು ಅಲುಗಾಡುತ್ತಾ ಏರುತ್ತಿರುತ್ತದೆ. ಆ ಸೌದೆಯನ್ನೆಲ್ಲ ಮೇಲೆ ಒಟ್ಟಿ ಬೆಂಕಿ ಹಚ್ಚುತ್ತಾರೆ. ಹತ್ತಲು ಆಗದವರು ಆ ಬೆಂಕಿ ನೋಡಿ ಮನೆ ಅಂಗಳದಿಂದಲೇ ಕೈ ಮುಗಿಯುತ್ತಾರೆ. ಇಲ್ಲಿ ಯಾರಿಗೂ ಯಾರ ಗುರುತೂ ಇಲ್ಲ, ಆದರೆ ಮುಂದಿನವರು ಕಾಲು ಜಾರಿದರೆ ಹಿಂದಿನವರ ಕೈ ಸೊಂಟಕ್ಕೆ ಬಂದಿರುತ್ತದೆ. ಕೆಲವರು ಬೂಟು ಹಾಕಿಕೊಂಡು ಜಾರುತ್ತಿದ್ದ ಕಡೆ ಬರಿಗಾಲಿನವರು ಬೆರಳು ಊರಿ ಆರಾಮಾಗಿ ಹೋದದ್ದನ್ನು ನಾನೇ ನೋಡಿದ್ದೇನೆ.

ಮಾದಪ್ಪನ ಭಕ್ತರದ್ದು ಇನ್ನೊಂದು ಲೋಕ. ಎಪ್ಪತ್ತೇಳು ಮಲೆಯ ಒಡೆಯ ಅಂತ ಹಾಡುತ್ತಾರಲ್ಲ, ಆ ಮಲೆಗೆ ಶಿವರಾತ್ರಿ ಹೊತ್ತಿಗೆ ಊರೂರಿಂದ ನಡೆದೇ ಹೋಗುತ್ತಾರೆ. ಕನಕಪುರದ ಕಡೆಯವರು ಕಾವೇರಿ ದಾಟಿ ಕಾಡಿನ ದಾರಿಯಲ್ಲಿ ಬರುತ್ತಾರೆ. ತಾಳುಬೆಟ್ಟದಿಂದ ಮೇಲಕ್ಕೆ ನಡೆಯುವವರ "ಉಘೇ ಮಾದಪ್ಪ" ಕಿವಿಗೆ ಬಿದ್ದರೆ ಬಸ್ಸಲ್ಲಿ ಕೂತವರೂ ಕಿಟಕಿಯಿಂದ ಉಘೇ ಅನ್ನುತ್ತಾರೆ. ಅವರ ನಡಿಗೆ ದಿನಗಟ್ಟಲೆಯದ್ದು. ಅದರ ಬಗ್ಗೆ ಬರೆಯಲು ಆ ದಾರಿ ಪೂರ್ತಿ ನಡೆದವರೇ ಬೇಕು, ನಾನು ಸುಮ್ಮನಿರುತ್ತೇನೆ.

ಚಪ್ಪಲಿಯ ವಿಷಯ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬರಿಗಾಲು ಅನ್ನುವುದು ಹರಕೆ ಹೊತ್ತವರಿಗೆ ಮಾತ್ರ. ಬಂಡೆ ಕಾದರೆ ಸಂಜೆಯವರೆಗೂ ಆರುವುದಿಲ್ಲ. ಹಾಗಾಗಿ ಹಳಬರು ಕತ್ತಲಿರುವಾಗಲೇ ಹೊರಟು ಬಿಸಿಲೇರುವ ಮುಂಚೆ ಇಳಿದುಬಿಡುತ್ತಿದ್ದರು. ನೀವೂ ಹಾಗೇ ಮಾಡಿ. ಚಪ್ಪಲಿ ಅಂದಾಗ ನೆನಪಾಯಿತು, ಬಿಳಿಗಿರಿರಂಗನ ಬೆಟ್ಟದಲ್ಲಿ ನಾವು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ, ದೇವರಿಗೆ ಮಾತ್ರ ದೊಡ್ಡ ಚರ್ಮದ ಚಪ್ಪಲಿ ಇದೆ. ರಂಗನಾಥ ಅದನ್ನು ಮೆಟ್ಟಿಕೊಂಡು ಕಾಡೆಲ್ಲ ಸುತ್ತುತ್ತಾನಂತೆ, ಸವೆದರೆ ಭಕ್ತರು ಹೊಸದು ಮಾಡಿ ಒಪ್ಪಿಸುತ್ತಾರೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು ಅಂತ ಸೋಲಿಗರು ಅವನನ್ನು ಭಾವ ಅಂತಲೇ ಕರೆಯುತ್ತಾರೆ. ಭಾವ ಕಾಡು ಸುತ್ತುವಾಗ ಕಾಲಿಗೆ ಮುಳ್ಳು ಚುಚ್ಚಬಾರದಲ್ವಾ?

ಇನ್ನು ಒಂದೆರಡು ಎಚ್ಚರಿಕೆ. ಬಂಡೆಯ ಕಡಿದಾದ ಮೈಯಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತವೆ. ಹೊಗೆ ಮಾಡಬೇಡಿ, ಪಟಾಕಿ ಸಿಡಿಸಬೇಡಿ, ಕೂಗಿ ಪ್ರತಿಧ್ವನಿ ಕೇಳುವ ಆಸೆ ಬಿಡಿ. ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆ ಒಣಗಿದ ಹಾಗೆ ಕಂಡರೂ ಜಾರುತ್ತದೆ. ಪ್ಲಾಸ್ಟಿಕ್ ಕವರ್ ಸದ್ದು ಕೇಳಿದರೆ ಕೋತಿ ಎಲ್ಲಿದ್ದರೂ ಬರುತ್ತೆ, ಬಟ್ಟೆ ಚೀಲದಲ್ಲಿ ಬಾಯಿ ಕಟ್ಟಿ ಇಟ್ಟುಕೊಳ್ಳಿ. ಸಾವನದುರ್ಗ, ಸ್ಕಂದಗಿರಿ ತರದ ಕಡೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ರಾತ್ರಿ ಕದ್ದು ಹತ್ತುವ ಸಾಹಸ ಬೇಡ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮಾತ್ರ ನಡೆಯುವ ಮಾತೇ ಇಲ್ಲ. ಅದು ಬಂಡೀಪುರದ ಹುಲಿ ಕಾಡು. ಕೆಳಗೆ ಗಾಡಿ ನಿಲ್ಲಿಸಿ ಸರ್ಕಾರಿ ಬಸ್ಸಲ್ಲೇ ಮೇಲೆ ಹೋಗಬೇಕು. ಅಲ್ಲಿ ನನ್ನ ಹಟ ನಡೆಯುವುದಿಲ್ಲ, ನಡೆಯಲೂಬಾರದು.

ರಸ್ತೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮಮ್ಮನ ಮೊಣಕಾಲು ಹೋದ ಮೇಲೆ ಅವರು ಬಸ್ಸಲ್ಲಿ ಬರುತ್ತಾರೆ, ನಾನು ಮೆಟ್ಟಿಲಲ್ಲಿ, ಮೇಲೆ ಸೇರುತ್ತೇವೆ. ಅವರು ಅಷ್ಟರಲ್ಲಿ ದರ್ಶನ ಮುಗಿಸಿ ಕಾಫಿ ಕುಡಿದು, "ಇಷ್ಟೊತ್ತಾ?" ಅಂತ ಕೇಳುತ್ತಾರೆ. ನನ್ನ ತಕರಾರು ಬೇರೆ. ರಸ್ತೆ ಬಂದ ಮೇಲೆ ಮೆಟ್ಟಿಲನ್ನು ಎಲ್ಲರೂ ಮರೆತುಬಿಡುತ್ತಾರೆ. ಮೇಲೆ ಕಾರು ನಿಲ್ಲಿಸಲು ಇನ್ನೊಂದು ಬಂಡೆ ಒಡೆಯಲು ದುಡ್ಡು ಸಿಗುತ್ತದೆ, ಅರ್ಧ ದಾರಿಯ ಮಂಟಪದ ಬಿರುಕಿಗೆ ಸಿಗುವುದಿಲ್ಲ. ಆ ಮಂಟಪದಲ್ಲಿ ಲವ್ ಸಿಂಬಲ್ಲು, ಹೆಸರುಗಳು, ಗುಟ್ಕಾ ಪ್ಯಾಕೆಟ್ಟು. ಮೆಟ್ಟಿಲ ದಾರಿಗೆ ಬೇಕಿರುವುದು ಜಾಸ್ತಿ ಏನಲ್ಲ. ನಡುವೆ ಕುಡಿಯುವ ನೀರಿನ ಒಂದು ನಲ್ಲಿ, ಕಡಿದಾದ ಕಡೆ ಅಲುಗಾಡದ ಕಂಬಿ, ಕಸ ಹೊತ್ತು ಕೆಳಗೆ ತರುವವರಿಗೆ ಸರಿಯಾದ ಕೂಲಿ, ಮತ್ತೆ ಬೆಟ್ಟದ ಬುಡದಲ್ಲಿ ಹೆಂಗಸರಿಗೆ ಒಂದು ಶೌಚಾಲಯ. ಅದೂ ಬೆಳಿಗ್ಗೆ ಐದಕ್ಕೆ ಬೀಗ ತೆಗೆದಿರುವಂಥದ್ದು, ಯಾಕೆಂದರೆ ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಬರುವುದು ಆ ಹೊತ್ತಿಗೆ, ಹತ್ತು ಗಂಟೆಗಲ್ಲ.